ಮೈಯೆಲ್ಲ ಕಣ್ಣಾಗುವ ಬಗೆ

(ಶತಮಾನೋತ್ಸವದ ಕ್ರೀಡಾ ದಿನದಂದು ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನೂರು ವರ್ಷಗಳ ಸಂಭ್ರಮದಲ್ಲಿ ಗೆದ್ದ ಪದಕಗಳನ್ನು ಎಣಿಸುವುದು ಸಹಜ. ನಾವಾದರೋ ಇಂದು ಸೋತ ಸ್ಪರ್ಧೆಯೊಂದನ್ನು ನೆನೆಯಬಯಸುತ್ತೇವೆ. ಅಂದು ನಿಜವಾಗಿ ಸೋತವರು ಅಧ್ಯಾಪಕರಾದ ನಾವು.

ಕೆಲವು ವರ್ಷಗಳ ಹಿಂದೆ ನಮ್ಮ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಜಿಲ್ಲಾ ಮಟ್ಟದ ಕರಾಟೆ ಸ್ಪರ್ಧೆಗೆ ಆಯ್ಕೆಯಾದಳು. ಅಭ್ಯಾಸದಲ್ಲಿ ಅವಳ ಒದೆತದ ವೇಗಕ್ಕೆ ಸಾಟಿಯಿರಲಿಲ್ಲ. ಹೊರಡುವಾಗ ನಾವು ಅವಳ ತಲೆ ನೇವರಿಸಿ, “ಕನ್ನಡ ಶಾಲೆಯ ಮಾನ ನಿನ್ನ ಕೈಯಲ್ಲಿದೆ ಮಗಳೇ” ಎಂದೆವು. ಅಲ್ಲಿ ಪ್ರಕಟಣೆಗಳೆಲ್ಲ ಮಲಯಾಳದಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುವ ಆ ಹುಡುಗಿ, ತನ್ನ ಸರದಿ ತಪ್ಪಿಹೋದೀತೆಂದು ಎರಡು ಗಂಟೆ ಮೈಯೆಲ್ಲ ಕಿವಿಯಾಗಿ ಕುಳಿತಿದ್ದಳು, ನೀರನ್ನೂ ಕುಡಿದಿರಲಿಲ್ಲ. ಕಣಕ್ಕಿಳಿದಾಗ ಕೈ ತಣ್ಣಗಾಗಿತ್ತು, ಕಾಲು ಕಂಬವಾಗಿತ್ತು. ಸೋತು ಬಂದವಳ ಮೊದಲ ಮಾತು: “ಟೀಚರ್, ಶಾಲೆಯ ಮಾನ ಹೋಯಿತಾ?”

ಆ ಪ್ರಶ್ನೆ ನಮ್ಮನ್ನು ಓದಿಗೆ ಹಚ್ಚಿತು. ಆತಂಕವು ಹೇಡಿತನವಲ್ಲ. ಸವಾಲು ಎದುರಾದಾಗ ದೇಹವು ಅಡ್ರಿನಲಿನ್ ಸ್ರವಿಸುತ್ತದೆ, ಎದೆಬಡಿತ ಏರುತ್ತದೆ, ರಕ್ತವು ದೊಡ್ಡ ಸ್ನಾಯುಗಳತ್ತ ಹರಿಯುವುದರಿಂದ ಬೆರಳುಗಳು ತಣ್ಣಗಾಗುತ್ತವೆ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಕಠಿಣವಾದ ಕಲಿಕೆಗೆ ಅತಿಯಾದ ಪ್ರಚೋದನೆ ಅಡ್ಡಿಯಾಗುವುದನ್ನು ಕಂಡರು. ನಾವು ಆ ಮಗುವಿಗೆ ಕೊಟ್ಟದ್ದು ಧೈರ್ಯವಲ್ಲ, ಅತಿಭಾರ.

ಮನಸ್ಸಿನ ಚಿಂತೆಗೂ ಮೈಯ ನಡುಕಕ್ಕೂ ಮದ್ದು ಬೇರೆ ಬೇರೆ. ನಡುಕಕ್ಕೆ ನಿಧಾನವಾದ, ದೀರ್ಘವಾದ ನಿಶ್ವಾಸ ನೆರವಾಗುತ್ತದೆ. ಚಿಂತೆಗೋ, ಗಮನ ನಿಲ್ಲಲು ಒಂದು ನೆಲೆ ಬೇಕು. ಈ ತಿಳಿವು ನಮ್ಮ ಉತ್ತರ ಮಲಬಾರಿನ ಕಳರಿಗೆ ಹೊಸದಲ್ಲ. ಗುರುಕ್ಕಳರು ನುಡಿಯುವ ವಾಯ್ತಾರಿಗೆ ಸರಿಯಾಗಿ ಶಿಷ್ಯನ ಹೆಜ್ಜೆ ಸಾಗುತ್ತದೆ. ಫಲವನ್ನು ಯೋಚಿಸಲು ಅಲ್ಲಿ ಎಡೆಯಿಲ್ಲ. ಮೈ ಕಣ್ಣಾಗಬೇಕೆಂದು ಕಳರಿಯಲ್ಲಿ ಮಲಯಾಳದಲ್ಲಿ ಹೇಳುತ್ತಾರೆ. ಮೈಯೆಲ್ಲ ಕಣ್ಣಾಗಿರು ಎನ್ನುತ್ತದೆ ನಮ್ಮ ಕನ್ನಡ. ಇನ್ನು ಕರಾಟೆಯ ಕಣದಲ್ಲಿ ಆರಂಭಕ್ಕೆ ‘ಹಾಜಿಮೆ’, ನಿಲ್ಲಿಸಲು ‘ಯಾಮೆ’. ಎರಡೂ ಜಪಾನೀ ಮಾತುಗಳು. ಆ ಗೆರೆಯೊಳಗೆ ಯಾವ ಮಗುವಿನ ಭಾಷೆಯೂ ಹಿಂದುಳಿದದ್ದಲ್ಲ.

ಆನಂತರ ನಾವು ಕೆಲವನ್ನು ಬದಲಿಸಿದೆವು. ಪ್ರಕಟಣೆಯಲ್ಲಿ ಬರುವ ಮಲಯಾಳ ಪದಗಳನ್ನು ಮಕ್ಕಳಿಗೆ ಮೊದಲೇ ಕಲಿಸುತ್ತೇವೆ. ಸರದಿಯನ್ನು ಗಮನಿಸಲು ಅಧ್ಯಾಪಕರೊಬ್ಬರು ಜೊತೆಗಿರುತ್ತಾರೆ. ವಾರಕ್ಕೊಮ್ಮೆ ಗದ್ದಲದ ನಡುವೆ ಅಭ್ಯಾಸ ನಡೆಯುತ್ತದೆ. ಮರಳಿ ಬಂದವರನ್ನು “ಗೆದ್ದೆಯಾ?” ಎಂದು ಕೇಳುವುದಿಲ್ಲ, “ಏನನ್ನು ಕಂಡೆ?” ಎಂದು ಕೇಳುತ್ತೇವೆ. ದಿನಗಟ್ಟಲೆ ನಿದ್ದೆ, ಊಟ ಬಿಟ್ಟ ಮಗುವಿಗೆ ಮಾತ್ರ ಉಪದೇಶ ಸಾಲದು. ಪೋಷಕರೇ, ಅಂಥಲ್ಲಿ ವೈದ್ಯರ ಸಲಹೆ ಪಡೆಯಲು ಸಂಕೋಚಪಡದಿರಿ.

ಆ ಬಾಲಕಿ ಮರುವರ್ಷ ಎರಡನೆಯ ಸುತ್ತಿನಲ್ಲಿ ಸೋತಳು. ಬಂದವಳೇ ನೀರು ಕೇಳಿ ಕುಡಿದಳು. ಬಳಿಕ ಎದುರಾಳಿಯ ಎಡಗಾಲು ಹೇಗೆ ಮುಂದೆ ಬರುತ್ತಿತ್ತೆಂದು ನಿಂತು ತೋರಿಸಿದಳು. ನಮ್ಮ ಪಾಲಿಗೆ ಅದೇ ಪದಕ.

ಮಕ್ಕಳೇ, ಶಾಲೆಯ ಮಾನವನ್ನು ಹೊರಲು ಹಿರಿಯರಾದ ನಮ್ಮ ಹೆಗಲುಗಳಿವೆ. ನೀವು ಹಗುರವಾಗಿ ಕಣಕ್ಕಿಳಿಯಿರಿ.