ಪೇಟಿಯೂ ಗಡಿಯಾರವೂ



ಟೆಲಿವಿಷನ್ ಕೇಂದ್ರದಲ್ಲಿ ಕೆಲಸ ಮಾಡುವವರು ಸಿಕ್ಕರೆ ನೀವು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: "ಸರ್, ಯಾರ್ಯಾರನ್ನು ಹತ್ತಿರದಿಂದ ನೋಡಿದ್ದೀರಿ?" ನಿಜ ಹೇಳಬೇಕೆಂದರೆ ನಾನು ಹೆಚ್ಚಾಗಿ ನೋಡಿರುವುದು ಗಡಿಯಾರವನ್ನು. ಇಪ್ಪತ್ತು ವರ್ಷಗಳಿಂದ ಕಂಟ್ರೋಲ್ ರೂಮಿನಲ್ಲಿ ಕೂರುತ್ತಿದ್ದೇನೆ. ಎದುರಿನ ಪರದೆಯಲ್ಲಿ ಹಾಡುವವರ ಮುಖ ಕಾಣುತ್ತದೆ, ಅದರ ಪಕ್ಕದಲ್ಲಿ ನಿಮಿಷ ಸೆಕೆಂಡುಗಳ ಕೆಂಪು ಅಂಕಿಗಳು ಓಡುತ್ತವೆ. ನನ್ನ ಕಣ್ಣು ಮೊದಲು ಹೋಗುವುದು ಅಂಕಿಗಳ ಕಡೆಗೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವನಿಗೆ ಅಳೆಯುವ ಚಾಳಿ ಬಿಡುವುದಿಲ್ಲ ಎನ್ನಿ.

ಸಂಗೀತ ಇಂದು ನಮಗೆ ಹೆಚ್ಚಾಗಿ ಯಾವುದಾದರೂ ಯಂತ್ರದ ಮೂಲಕವೇ ತಲುಪುತ್ತದೆ. ತಲುಪಿಸುವ ಯಂತ್ರವೂ ಅದನ್ನು ನಡೆಸುವ ಕಚೇರಿಯೂ ಆ ಸಂಗೀತವನ್ನು ತಮ್ಮ ಅಳತೆಗೆ ತಕ್ಕಂತೆ ಕತ್ತರಿಸಿಕೊಳ್ಳುತ್ತವೆ. ಕತ್ತರಿಸಿದ ತುಂಡು ಎಲ್ಲಿಗೆ ಹೋಗುತ್ತದೆ? ಇವತ್ತಿನ ಮಾತು ಅದರ ಬಗ್ಗೆ.

ಮೊದಲು ಒಂದು ಚಿಕ್ಕ ಲೆಕ್ಕ ಮಾಡೋಣ. ನಿಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಹಳೆಯ ಗ್ರಾಮಫೋನ್ ತಟ್ಟೆ ಸಿಕ್ಕರೆ ತೆಗೆದು ನೋಡಿ. ಹತ್ತು ಅಂಗುಲದ ತಟ್ಟೆ. ಗೆರೆಗಳು ಕೊರೆದಿರುವ ಪಟ್ಟಿಯ ಅಗಲ ಎರಡೂಮುಕ್ಕಾಲು ಅಂಗುಲದಷ್ಟು. ಅಂಗುಲಕ್ಕೆ ಸುಮಾರು 90 ಸುತ್ತು ಎಂದಿಟ್ಟುಕೊಂಡರೆ ಒಟ್ಟು 247 ಸುತ್ತಾಯಿತು. ತಟ್ಟೆ ನಿಮಿಷಕ್ಕೆ 78 ಸಲ ತಿರುಗುತ್ತದೆ. ಭಾಗಿಸಿ ನೋಡಿ: ಮೂರು ನಿಮಿಷಕ್ಕೆ ಸ್ವಲ್ಪ ಹೆಚ್ಚು. ಅಷ್ಟೇ! ರಾತ್ರಿಯಿಡೀ ಹಾಡಬಲ್ಲ ಕಲಾವಿದರೂ ಆ 247 ಸುತ್ತಿನೊಳಗೆ ರಾಗ ಎತ್ತಿ, ಬಂದಿಶ್ ಹಾಡಿ, ತಾನು ಹಾಕಿ, ಮುಗಿಸಬೇಕಾಗಿತ್ತು. ಹಾಡು ಇಂತಿಷ್ಟೇ ಹೊತ್ತು ಎಂದು ತೀರ್ಮಾನಿಸಿದ್ದು ಶಾಸ್ತ್ರಕಾರರೂ ಅಲ್ಲ, ರಸಿಕರೂ ಅಲ್ಲ.

1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞನ ಮುಂದೆ ಗೌಹರ್ ಜಾನ್ ಹಾಡಿದರು. ಆಗ ವಿದ್ಯುತ್ ಮೈಕ್ರೋಫೋನ್ ಇಲ್ಲ. ದೊಡ್ಡ ತುತ್ತೂರಿಯೊಳಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ಹಾಡು ಮುಗಿದೊಡನೆ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಅದು ಜಂಭಕ್ಕಲ್ಲ. ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡೆಂದು ಗೊತ್ತಾಗಬೇಕಲ್ಲ! ಇರುವ ಮೂರು ನಿಮಿಷದಲ್ಲೂ ಕೆಲವು ಸೆಕೆಂಡು ವಿಳಾಸಕ್ಕೆ ಹೋಯಿತು. ಈ ಗೌಹರ್ ಜಾನ್ ತಮ್ಮ ಕೊನೆಗಾಲದಲ್ಲಿ ನಮ್ಮ ಮೈಸೂರಿಗೆ ಬಂದು 1928ರಲ್ಲಿ ಅರಮನೆಯ ಕಲಾವಿದೆಯಾಗಿ ನೇಮಕಗೊಂಡರು. 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಯಂತ್ರದ ಕತ್ತರಿಗೆ ಕನಿಷ್ಠ ದ್ವೇಷವಿಲ್ಲ. ಕಚೇರಿಯ ಕತ್ತರಿಯ ಕತೆ ಬೇರೆ.

ಹಾರ್ಮೋನಿಯಂ ನಿಮಗೆಲ್ಲ ಗೊತ್ತು. ಉತ್ತರ ಕರ್ನಾಟಕದಲ್ಲಿ ಅದಕ್ಕೆ ಪೇಟಿ ಎನ್ನುತ್ತಾರೆ. ಭಜನೆ, ಕಂಪನಿ ನಾಟಕ, ಶಾಲೆಯ ಪ್ರಾರ್ಥನೆ, ಯಾವುದೂ ಅದಿಲ್ಲದೆ ಶುರುವಾಗುತ್ತಿರಲಿಲ್ಲ. ಅಂಥ ಪೇಟಿಯನ್ನು 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋ ತನ್ನ ಸ್ಟುಡಿಯೋಗಳಿಂದ ಹೊರಗೆ ಹಾಕಿತು. ಆಗ ಅದರ ಮುಖ್ಯಸ್ಥರಾಗಿದ್ದವರು ಲಯೋನೆಲ್ ಫೀಲ್ಡನ್ ಎಂಬ ಆಂಗ್ಲರು. ಅದಕ್ಕೆ ಎರಡು ವರ್ಷ ಮೊದಲೇ, ದೆಹಲಿ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗ ನೋಡಿಕೊಳ್ಳುತ್ತಿದ್ದ ಜಾನ್ ಫೌಲ್ಡ್ಸ್ ಪೇಟಿಯ ವಿರುದ್ಧ ಒಂದು ಖಾರದ ಲೇಖನ ಬರೆದಿದ್ದರು. ರವೀಂದ್ರನಾಥ ಠಾಕೂರರೂ ಕಲ್ಕತ್ತಾ ಕೇಂದ್ರಕ್ಕೆ ಪತ್ರ ಬರೆದು ಅದು ಬೇಡವೆಂದಿದ್ದರು. ಫ್ರಾನ್ಸಿನಿಂದ ಬಂದ ವಾದ್ಯದಿಂದ ಭಾರತೀಯ ಸಂಗೀತ ಕೆಡುತ್ತಿದೆ ಎಂದು ಇಂಗ್ಲೆಂಡಿನವರಿಗೆ ಚಿಂತೆಯಾಗಿದ್ದು ನೋಡಿ, ಇತಿಹಾಸದಲ್ಲಿ ಹೀಗೂ ಆಗುತ್ತದೆ.

ಆದರೆ ಅವರ ಆಕ್ಷೇಪಣೆ ಹುರುಳಿಲ್ಲದ್ದೇನೂ ಅಲ್ಲ. ಷಡ್ಜ ಸೆಕೆಂಡಿಗೆ 240 ಕಂಪನ ಎಂದುಕೊಳ್ಳಿ. ತಂಬೂರಿಯನ್ನು ಚೆನ್ನಾಗಿ ಶ್ರುತಿ ಮಾಡಿದರೆ ಅದರೊಳಗಿಂದ ತಾನಾಗಿಯೇ ಒಂದು ಗಾಂಧಾರ ಕೇಳಿಬರುತ್ತದೆ. ಅದು ಷಡ್ಜದ 5/4ರ ಪ್ರಮಾಣದ್ದು, ಅಂದರೆ 300. ಪೇಟಿಯಲ್ಲಾದರೋ ಒಂದು ಸ್ಥಾಯಿಯನ್ನು ಹನ್ನೆರಡು ಸಮ ಮೆಟ್ಟಿಲಾಗಿ ಹಂಚಿರುತ್ತಾರೆ. ಪ್ರತಿ ಮೆಟ್ಟಿಲಿಗೂ ಸುಮಾರು 1.0595ರಿಂದ ಗುಣಿಸಬೇಕು. ನಾಲ್ಕು ಮೆಟ್ಟಿಲು ಹತ್ತಿ ಗಾಂಧಾರಕ್ಕೆ ಬಂದರೆ 302.4 ಸಿಗುತ್ತದೆ. ಎರಡನ್ನೂ ಕೂಡಿಸಿ ನುಡಿಸಿದರೆ ಸೆಕೆಂಡಿಗೆ ಎರಡಕ್ಕೂ ಹೆಚ್ಚು ಸಲ ನಾದ ಉಬ್ಬಿ ಇಳಿಯುತ್ತದೆ. ಬೀಟ್ಸ್ ಎಂದು ಪ್ರಯೋಗಶಾಲೆಯಲ್ಲಿ ನೀವು ಶ್ರುತಿಕವೆಗಳಿಂದ ಕೇಳುವುದು ಇದನ್ನೇ. ಇನ್ನೊಂದು ಕೊರತೆಯೆಂದರೆ ಪೇಟಿಗೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಬರುವುದಿಲ್ಲ, ಹಾರಬೇಕು. ಮೀಂಡು, ಗಮಕಗಳೇ ಜೀವವಾಗಿರುವ ಸಂಗೀತಕ್ಕೆ ಇದು ಸಣ್ಣ ತೊಂದರೆಯಲ್ಲ.

ಹೀಗೆ ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಸ್ವಾತಂತ್ರ್ಯ ಬಂದ ಮೇಲೂ ನಿಷೇಧ ಮುಂದುವರಿಯಿತು. 1950ರಲ್ಲಿ ಧಾರವಾಡದ ಕೇಂದ್ರ ಆರಂಭವಾದಾಗ, ಮನ್ಸೂರರ, ಗಂಗೂಬಾಯಿಯವರ ಆ ನಾಡಿನಲ್ಲೂ, ಪೇಟಿಗೆ ಅದೇ ನಿಯಮ. 1971ರಲ್ಲಿ, ಅದೂ ಷರತ್ತುಗಳೊಡನೆ, ನಿಯಮ ಸಡಿಲವಾಯಿತು. ಮೂವತ್ತೊಂದು ವರ್ಷ! (ಸಿನಿಮಾ ಹಾಡಿಗೂ ಇಂಥದೇ ಕಾಲ ಬಂದಿತ್ತು. 1952ರಲ್ಲಿ ಮಂತ್ರಿಗಳಾದ ಬಿ.ವಿ. ಕೇಸ್ಕರರ ಕಾಲದಲ್ಲಿ ಅದು ಆಕಾಶವಾಣಿಯಿಂದ ಬಹುಮಟ್ಟಿಗೆ ಮಾಯವಾಯಿತು. ಕೇಳುಗರು ರೇಡಿಯೋ ಸಿಲೋನಿನ ಕಡೆ ಮುಳ್ಳು ತಿರುಗಿಸಿದರು. 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ಶುರುವಾಯಿತು. ಸಿನಿಮಾ ಹಾಡಿಗೆ ಹೋಗಲು ಬೇರೆ ಮನೆಯಿತ್ತು. ಪೇಟಿಗೆ ಅದೂ ಇರಲಿಲ್ಲ.)

ಇದನ್ನೆಲ್ಲ ನಾನು ಪುಸ್ತಕದಿಂದ ತಿಳಿದದ್ದು ಆಮೇಲೆ. ಮೊದಲು ತಿಳಿದದ್ದು ಒಬ್ಬ ಹಿರಿಯರಿಂದ.

2006ರಲ್ಲಿ ನಾನು ಕೆಲಸಕ್ಕೆ ಹೊಸಬ. ಹಳೆಯ ನಾಟಕ ಕಂಪನಿಗಳ ಸಂಗೀತದ ಬಗ್ಗೆ ಅರ್ಧ ಗಂಟೆಯ ಕಾರ್ಯಕ್ರಮಕ್ಕಾಗಿ ಗದಗದ ಕಡೆಯ ಪೇಟಿ ಮಾಸ್ತರರೊಬ್ಬರನ್ನು ಕರೆಸಿದ್ದೆವು. ಎಪ್ಪತ್ತು ದಾಟಿದವರು, ಬಿಳಿ ಧೋತರ, ತಲೆಗೆ ಟೋಪಿ. ಲೈಟು ಸರಿಮಾಡುವ ಹೊತ್ತಿನಲ್ಲಿ ಸುಮ್ಮನೆ ಕೂರುವುದೇಕೆಂದು, "ಅಜ್ಜಾರ, ರೇಡಿಯೋದಲ್ಲಿ ನುಡಿಸಿದ್ದೀರೇನು?" ಎಂದು ಕೇಳಿದೆ.

"ಹೋಗಿದ್ದೆ ಸಾಹೇಬ್ರ, ಬಾರಿಸಿಲ್ಲ," ಎಂದರು. "ಹಾಡೋರ ಜೋಡಿ ಹೋಗತಿದ್ದೆ. ನನಗ ಒಳಗ ಬಾ ಅಂತಿದ್ರು, ಪೇಟಿಗೆ ಬ್ಯಾಡ ಅಂತಿದ್ರು. ಅದನ್ನ ಬಿಟ್ಟು ನಾ ಒಬ್ಬಾಂವ ಒಳಗ ಹೋಗಿ ಏನ್ ಮಾಡ್ಲಿ? ಹೊರಗ ಬೇವಿನ ಗಿಡದ ಕೆಳಗ ಕುಂಡ್ರತಿದ್ದೆ."

ಬಿ.ಎಸ್ಸಿ. ಪಾಂಡಿತ್ಯ ತೋರಿಸುವ ಆಸೆಯಿಂದ ನಾನು ಗಾಂಧಾರದ 300, 302.4ರ ಲೆಕ್ಕ ಹೇಳಿದೆ. ಅವರು ಕೇಳಿಸಿಕೊಂಡು ನಕ್ಕರು. "ಅದು ಕಿವಿಗೆ ಗೊತ್ತಾಗತದ್ರಿ. ಅದಕ್ಕ ಹಾಡೋರು ಗಾ ಮ್ಯಾಲೆ ನಿಂತಾಗ ನಾ ನಿಂದ್ರೂದಿಲ್ಲ. ಬೆರಳು ತಾಗಿಸಿ ತಕ್ಕೊಂಡ್ಬಿಡತೀನಿ."

ಮೂವತ್ತೊಂದು ವರ್ಷದ ನಿಷೇಧಕ್ಕೆ ಆ ಬೆರಳಿನಲ್ಲಿ ಉತ್ತರವಿತ್ತು. ನನಗೆ ಆಗ ಅದು ಹೊಳೆಯಲಿಲ್ಲ. ಲೈಟು ಸರಿಯಾಯಿತು, ರೆಕಾರ್ಡಿಂಗ್ ಶುರುವಾಯಿತು. ಅವರು ನುಡಿಸಿದ್ದು 33 ನಿಮಿಷ. ಶೀರ್ಷಿಕೆ, ಪರಿಚಯ, ಕೊನೆಯ ಹೆಸರುಗಳು ಎಲ್ಲವನ್ನೂ ಕಳೆದರೆ ನನಗಿದ್ದದ್ದು 26. ಏಳು ನಿಮಿಷ ಹೋಗಬೇಕು.

ಎಡಿಟಿಂಗ್ ಮೇಜಿನ ಮುಂದೆ ಕುಳಿತವನಿಗೆ ಒಂದು ದುರಭ್ಯಾಸವಿದೆ: ನಿಧಾನವಾದದ್ದನ್ನು ಮೊದಲು ತೆಗೆಯುತ್ತಾನೆ. ವೇಗದ ಭಾಗದಲ್ಲಿ ಕೈ ಓಡಾಡುವುದು ಕಾಣುತ್ತದೆ, ನೋಡುಗರು ಚಾನೆಲ್ ಬದಲಿಸುವುದಿಲ್ಲ. ಅವರು ನಡುವೆ ಒಂದು ಕಡೆ ಕಣ್ಣು ಮುಚ್ಚಿ, ಯಾವುದೋ ಹಳೆಯ ನಾಟಕದ ದುಃಖದ ಸಂದರ್ಭದ ಮಟ್ಟನ್ನು ಏಳು ನಿಮಿಷ ಮೆಲ್ಲಗೆ ನುಡಿಸಿದ್ದರು. ಅಳತೆ ಮಾಡಿ ಕೊಟ್ಟಂತೆ ಇತ್ತು. ತೆಗೆದೆ. ಕಾರ್ಯಕ್ರಮ ಪ್ರಸಾರವಾಯಿತು, ಹೊಗಳಿಕೆಯ ಪತ್ರಗಳೂ ಬಂದವು.

ಆಗ ನಾವು ಬಳಸುತ್ತಿದ್ದುದು ಬೀಟಾಕ್ಯಾಮ್ ಟೇಪು. ಟೇಪು ದುಬಾರಿ, ಪ್ರಸಾರವಾದದ್ದರ ಒಂದು ಪ್ರತಿಯಿಟ್ಟುಕೊಂಡು ಮೂಲ ಟೇಪನ್ನು ಮತ್ತೆ ಬಳಸುವುದು ವಾಡಿಕೆ. ಎರಡು ತಿಂಗಳಿಗೆ ಆ ಟೇಪಿನ ಮೇಲೆ ಒಂದು ಫಲಪುಷ್ಪ ಪ್ರದರ್ಶನದ ಉದ್ಘಾಟನೆ ಬಂದು ಕೂತಿತು.

ಇಲ್ಲಿ ನನ್ನ ನೋಟ್‌ಬುಕ್ಕಿನ ವಿಷಯ ಹೇಳಬೇಕು. ಕೆಲಸಕ್ಕೆ ಸೇರಿದಂದಿನಿಂದ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಆಯಾ ದಿನದ ರೆಕಾರ್ಡಿಂಗಿನ ಬಗ್ಗೆ ನಾಲ್ಕು ಸಾಲು ಬರೆಯುವ ಅಭ್ಯಾಸ ನನಗೆ. ಕಚೇರಿಯ ಲಾಗ್ ಪುಸ್ತಕದಲ್ಲಿ ಪ್ರಸಾರವಾದದ್ದು ಇರುತ್ತದೆ, ಎಷ್ಟು ನಿಮಿಷವೆಂದು ಇರುತ್ತದೆ. ಕಲಾವಿದರು ಕಾಫಿ ಬೇಡವೆಂದದ್ದು, ತಬಲಾದವರು ಮುನಿಸಿಕೊಂಡದ್ದು, ನಾನು ಏನು ಕತ್ತರಿಸಿದೆ, ಏಕೆ ಕತ್ತರಿಸಿದೆ, ಇವು ಅಲ್ಲಿ ಇರುವುದಿಲ್ಲ. ಬರೆಯುತ್ತಿದ್ದುದು ಕೆಲಸದ ಹೊತ್ತಿನಲ್ಲೇ, ಅದೂ ಕೆಲವೊಮ್ಮೆ ಕ್ಯೂ ಶೀಟಿನ ಬೆನ್ನ ಮೇಲೆ. ಒಮ್ಮೆ ಮೇಲಧಿಕಾರಿಯೊಬ್ಬರು ಹಿಂದೆ ಬಂದು ನಿಂತು ಕೇಳಿದರು: "ಇದು ಯಾವ ಫೈಲಿಗೆ?"

"ಯಾವ ಫೈಲಿಗೂ ಅಲ್ಲ ಸರ್."

"ಹಾಗಾದರೆ ಆಫೀಸಿನ ಹೊತ್ತಿನಲ್ಲಿ ಯಾಕೆ?"

ನನಗೆ ಉತ್ತರ ಹೊಳೆದದ್ದು ಮನೆಗೆ ಹೋಗುವ ಬಸ್ಸಿನಲ್ಲಿ. (ಒಳ್ಳೆಯ ಉತ್ತರಗಳಿಗೆ ಆ ಬಸ್ಸೇ ಇಷ್ಟ.) ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ರೇಡಿಯೋ ಕೇಂದ್ರ ಶುರುಮಾಡಿದರು. ಅದಕ್ಕೆ ಅವರಿಟ್ಟ ಹೆಸರು 'ಆಕಾಶವಾಣಿ'. ಅದೂ ಯಾವ ಫೈಲಿಗೂ ಸೇರಿದ್ದಾಗಿರಲಿಲ್ಲ! ಮೇಲಧಿಕಾರಿಗಳ ಪ್ರಶ್ನೆ ತಪ್ಪೆಂದು ನಾನು ಹೇಳಲಾರೆ. ಸಂಬಳ ಕೊಡುವವರು ಕೇಳಬೇಕಾದದ್ದೇ. ಆಮೇಲಿಂದ ಊಟದ ಬಿಡುವಿನಲ್ಲಿ ಬರೆಯತೊಡಗಿದೆ. ಬರವಣಿಗೆ ಸ್ವಲ್ಪ ಗಿಡ್ಡವಾಯಿತು, ಊಟವೂ.

2013ರಲ್ಲಿ ಒಂದು ಮಧ್ಯಾಹ್ನ ಬಿ.ಎ. ಓದುತ್ತಿದ್ದ ಹುಡುಗಿಯೊಬ್ಬಳು ನನ್ನನ್ನು ಹುಡುಕಿಕೊಂಡು ಬಂದಳು. ಪೇಟಿ ಮಾಸ್ತರರ ಮೊಮ್ಮಗಳು. ಅಜ್ಜ ಹಿಂದಿನ ವರ್ಷ ತೀರಿಕೊಂಡಿದ್ದರು. ಅವರ ಬೇರೆ ಯಾವ ರೆಕಾರ್ಡಿಂಗೂ ಮನೆಯಲ್ಲಿ ಇಲ್ಲವಂತೆ.

"ಟಿವಿಯಲ್ಲಿ ಬಂದದ್ದು ನೋಡಿದ್ದೀವಿ ಸರ್. ಆದರೆ ಅಜ್ಜ ಹೇಳತಿದ್ದರು, ನಡುವೆ ಒಂದು ಬಾರಿಸಿದ್ದೆ, ಅದು ಬರಲೇ ಇಲ್ಲ ಅಂತ. ಅದು ಸಿಗತದೇನು?"

ಟೇಪಿನ ಗತಿಯನ್ನು ಹೇಳಿದೆ. ಅವಳು ಏನೂ ಅನ್ನಲಿಲ್ಲ. ಆಮೇಲೆ ಕಪಾಟಿನಿಂದ 2006ರ ನೋಟ್‌ಬುಕ್ ತೆಗೆದು ಆ ದಿನದ ಪುಟವನ್ನು ಅವಳ ಮುಂದಿಟ್ಟೆ. ಬೇವಿನ ಗಿಡದ ಮಾತಿತ್ತು. ಗಾಂಧಾರದ ಮೇಲೆ ಬೆರಳು ತಾಗಿಸಿ ತೆಗೆಯುವ ಮಾತಿತ್ತು. ಕೊನೆಗೆ ಹೀಗೆ ಬರೆದಿದ್ದೆ: "7 ನಿಮಿಷ ತೆಗೆದೆ. ನಿಧಾನದ ಮಟ್ಟು. ಜೋಗಿಯಾ?"

ಅವಳು ಪುಟವನ್ನೆಲ್ಲ ತನ್ನ ಪುಸ್ತಕಕ್ಕೆ ನಕಲು ಮಾಡಿಕೊಂಡಳು. ಬಳಿಕ ಆ ಪ್ರಶ್ನಾರ್ಥಕ ಚಿಹ್ನೆಯ ಮೇಲೆ ಬೆರಳಿಟ್ಟು ಕೇಳಿದಳು: "ಜೋಗಿಯಾ ಇರಬಹುದು, ಕಾಲಿಂಗಡಾನೂ ಇರಬಹುದು ಸರ್. ಅಜ್ಜ ಎರಡರಲ್ಲೂ ಒಂದೊಂದು ನಾಟಕದ ಪದ ಬಾರಿಸತಿದ್ದರು. ಅದರಲ್ಲಿ ಗಾ ಇತ್ತೇನು?"

ಸಂಗೀತ ಕಲಿಯುವವರಿಗೆ ಪ್ರಶ್ನೆ ಅರ್ಥವಾಗುತ್ತದೆ. ಎರಡು ರಾಗಗಳಲ್ಲೂ ರಿಷಭ ಧೈವತಗಳು ಕೋಮಲವೇ. ಕಾಲಿಂಗಡಾದಲ್ಲಿ ಗಾಂಧಾರ ಎದ್ದು ಕೇಳುತ್ತದೆ, ಜೋಗಿಯಾದಲ್ಲಿ ಅದನ್ನು ಸಾಮಾನ್ಯವಾಗಿ ಬಿಡುತ್ತಾರೆ. ಅವಳು ಮೆಲ್ಲಗೆ ಎರಡು ಸಾಲು ಗುನುಗಿದಳು, ಮೊದಲು ಒಂದರದ್ದು, ಆಮೇಲೆ ಇನ್ನೊಂದರದ್ದು. ಯಾವುದು ಎಂಬಂತೆ ನನ್ನ ಮುಖ ನೋಡಿದಳು.

ಗಾಂಧಾರದ ಕಂಪನವನ್ನು ದಶಮಾಂಶದವರೆಗೆ ಲೆಕ್ಕ ಹಾಕಿ ಅವಳ ಅಜ್ಜನಿಗೇ ಹೇಳಿದ್ದವನು ನಾನು. ಆದರೆ ಅಂದು ಅವರು ಕಣ್ಣು ಮುಚ್ಚಿ ನುಡಿಸುತ್ತಿದ್ದ ಏಳು ನಿಮಿಷ, ಕೆಂಪು ಅಂಕಿಗಳು 26 ದಾಟುತ್ತವಲ್ಲ ಎಂಬ ಯೋಚನೆಯಲ್ಲಿದ್ದೆ. ಇನ್ನೊಂದು ಸಲ ಗುನುಗು ಎಂದೆ. ಗುನುಗಿದಳು. ನನಗೆ ಹೇಳಲಾಗಲಿಲ್ಲ.