ಮಕ್ಕಳ ನಂಬಿಕೆ ಗಳಿಸಿದ ಗುರು
(ಸಂತ ಜಾನ್ ಬೋಸ್ಕೊರವರ ಹಬ್ಬದ ಪ್ರಬೋಧನೆ – ಜನವರಿ 31)



ಇಂದಿನ ಬಲಿಪೂಜೆಗೆ ನಮ್ಮ ಧರ್ಮಕೇಂದ್ರದ ಎಲ್ಲ ಶಿಕ್ಷಕ ಶಿಕ್ಷಕಿಯರನ್ನು, ಭಾನುವಾರ ಧರ್ಮೋಪದೇಶ ಕಲಿಸುವವರನ್ನು ವಿಶೇಷವಾಗಿ ಕರೆದಿದ್ದೇವೆ. ಮುಂದಿನ ಬೆಂಚುಗಳಲ್ಲಿ ಅವರು ಕುಳಿತಿದ್ದಾರೆ. ಅವರ ಹಿಂದೆ ಅವರ ವಿದ್ಯಾರ್ಥಿಗಳಿದ್ದಾರೆ. ಮಕ್ಕಳೇ, ನಿಮಗೊಂದು ಪ್ರಶ್ನೆ. ಉತ್ತರ ಗಟ್ಟಿಯಾಗಿ ಹೇಳಬೇಡಿ, ಮನಸ್ಸಿನಲ್ಲೇ ಇಟ್ಟುಕೊಳ್ಳಿ. ನಿಮ್ಮಿಂದ ಒಂದು ದೊಡ್ಡ ತಪ್ಪಾಗಿದೆ, ಮನೆಯಲ್ಲಿ ಹೇಳಲು ಹೆದರಿಕೆ. ಆಗ ನೀವು ಯಾವ ಟೀಚರ್ ಬಳಿ ಹೋಗುತ್ತೀರಿ? ಒಬ್ಬರ ಮುಖ ಕಣ್ಣಮುಂದೆ ಬಂದಿದ್ದರೆ, ಅವರು ನಿಮ್ಮ ನಂಬಿಕೆ ಗಳಿಸಿದ್ದಾರೆ ಎಂದರ್ಥ. ಯಾರ ಮುಖವೂ ಬರಲಿಲ್ಲವೇ? ತಪ್ಪು ನಿಮ್ಮದಲ್ಲ. ಅದು ದೊಡ್ಡವರಾದ ನಾವು ಯೋಚಿಸಬೇಕಾದ ವಿಷಯ.

1841ರ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬ. ಇಟಲಿಯ ಟ್ಯೂರಿನ್ ನಗರದ ಸಂತ ಫ್ರಾನ್ಸಿಸ್ ಅಸಿಸಿ ದೇವಾಲಯದಲ್ಲಿ, ಗುರುವಾಗಿ ಆರು ತಿಂಗಳಷ್ಟೇ ಆಗಿದ್ದ ಜಾನ್ ಬೋಸ್ಕೊ ಪೂಜೆಗೆ ಸಿದ್ಧರಾಗುತ್ತಿದ್ದರು. ಚಳಿಗೆ ನಡುಗುತ್ತಾ ಒಬ್ಬ ಹುಡುಗ ಒಳಗೆ ಬಂದು ನಿಂತ. ಪೂಜೆಗೆ ನೆರವಾಗು ಎಂದ ದೇವಾಲಯದ ಸೇವಕ. ನನಗೆ ಬರುವುದಿಲ್ಲ ಎಂದ ಹುಡುಗ. ಹಾಗಾದರೆ ಇಲ್ಲಿಗೇಕೆ ಬಂದೆ ಎಂದು ಸೇವಕ ಕೋಲು ತೆಗೆದುಕೊಂಡು ಹೊಡೆದು ಓಡಿಸಿದ. ಅದನ್ನು ಕಂಡ ಬೋಸ್ಕೊ, ಅವನು ನನ್ನ ಗೆಳೆಯ, ಕೂಡಲೇ ಕರೆದು ತಾ ಎಂದರು. ಆ ಹುಡುಗನ ಮುಖವನ್ನು ಅವರು ಹಿಂದೆಂದೂ ನೋಡಿರಲಿಲ್ಲ!

ಪೂಜೆಯ ನಂತರ ಮಾತಿಗೆ ಕುಳಿತರು. ಹುಡುಗನ ಹೆಸರು ಬಾರ್ತೊಲೊಮೆಯೊ ಗರೆಲ್ಲಿ, ವಯಸ್ಸು ಹದಿನಾರು. ತಂದೆಯಿಲ್ಲ, ತಾಯಿಯಿಲ್ಲ. ಓದಲು ಬರುವುದಿಲ್ಲ, ಬರೆಯಲೂ ಬರುವುದಿಲ್ಲ. ಎಲ್ಲಕ್ಕೂ 'ಇಲ್ಲ' ಎಂದೇ ಉತ್ತರಿಸಿ ಅವನ ತಲೆ ತಗ್ಗಿತ್ತು. ಆಗ ಬೋಸ್ಕೊ ಕೇಳಿದರು: ನಿನಗೆ ಸಿಳ್ಳೆ ಹಾಕಲು ಬರುತ್ತದೆಯೇ? ಹುಡುಗ ನಕ್ಕುಬಿಟ್ಟ. ಬಾಗಿಲು ತೆರೆಯಿತು. ಇಬ್ಬರೂ ಕೂಡಿ ಒಂದು 'ನಮೋ ಮರಿಯಾ' ಜಪ ಹೇಳಿದರು, ಶಿಲುಬೆಯ ಗುರುತಿನಿಂದ ಪಾಠ ಆರಂಭವಾಯಿತು. ಮುಂದೆ ಸಾವಿರಾರು ಬಡಮಕ್ಕಳ ಮನೆಯಾದ ಸೇವೆಗೆ ಬುನಾದಿ ಬಿದ್ದದ್ದು ಅಲ್ಲಿಯೇ.

ಪ್ರಿಯರೇ, ಇಲ್ಲಿ ನಾವು ಕಲಿಯಬೇಕಾದ ಮೊದಲ ಪಾಠ: ಮಗುವಿಗೆ ಏನು ಬರುವುದಿಲ್ಲ ಎಂದು ಹುಡುಕುವುದು ಸುಲಭ. ಏನು ಬರುತ್ತದೆ ಎಂದು ಹುಡುಕುವವನೇ ಗುರು. ಗಣಿತದಲ್ಲಿ ಹಿಂದುಳಿದವನು ಚೆಂಡಾಟದಲ್ಲಿ ಮುಂದಿರಬಹುದು. ಇಂಗ್ಲಿಷಿನಲ್ಲಿ ತಡವರಿಸುವವಳು ಅಜ್ಜಿಯನ್ನು ತಾಯಿಯಂತೆ ನೋಡಿಕೊಳ್ಳುತ್ತಿರಬಹುದು. ಅದನ್ನು ಗುರುತಿಸಿ ಒಂದು ಮಾತಾಡಿ ನೋಡಿ.

ಎರಡನೆಯ ಪಾಠ: ಮಗುವಿನ ಪಕ್ಷದಲ್ಲಿ ನಿಲ್ಲಬೇಕು. ಬೋಸ್ಕೊ ತಮ್ಮ ಹುಡುಗರನ್ನು ಕೆಲಸ ಕಲಿಯಲು ಕಳುಹಿಸುವಾಗ ಯಜಮಾನರೊಡನೆ ಬರವಣಿಗೆಯಲ್ಲಿ ಕರಾರು ಮಾಡಿಕೊಳ್ಳುತ್ತಿದ್ದರು. 1852ರಲ್ಲಿ ಒಬ್ಬ ಬಡಗಿಯೊಂದಿಗೆ ಮಾಡಿಕೊಂಡ ಅಂಥ ಕರಾರು ಇಂದಿಗೂ ಉಳಿದಿದೆ. ಹುಡುಗನನ್ನು ಬಾಯಿಮಾತಿನಿಂದಲೇ ತಿದ್ದಬೇಕು, ಹೊಡೆಯಬಾರದು. ಕಸುಬಿಗೆ ಸಂಬಂಧಪಡದ ಕೆಲಸ ಮಾಡಿಸಬಾರದು. ಹಬ್ಬದ ದಿನ ಬಿಡುವು ಕೊಡಬೇಕು. ನಮ್ಮ ದೇಶದಲ್ಲಿ ಶಾಲಾಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದ್ದು 2009ರ ಶಿಕ್ಷಣ ಹಕ್ಕು ಕಾಯ್ದೆ. ಆ ಬಡಗಿ ಅದಕ್ಕೆ ಒಂದೂವರೆ ಶತಮಾನ ಮೊದಲೇ ಸಹಿ ಹಾಕಿದ್ದ! ಆದರೆ ಬೆತ್ತ ಕೆಳಗಿಟ್ಟ ಮಾತ್ರಕ್ಕೆ ನಂಬಿಕೆ ಬಂದುಬಿಡುವುದಿಲ್ಲ. ನಾಲಿಗೆಯೂ ಬೆತ್ತವಾಗಬಲ್ಲದು.

ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. ಹಲವು ವರ್ಷಗಳ ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿ ನಾನು ಮಕ್ಕಳನ್ನು ಪ್ರಥಮ ಪರಮಪ್ರಸಾದಕ್ಕೆ ಸಿದ್ಧಪಡಿಸುತ್ತಿದ್ದೆ. ಗೋದಲಿಗಾಗಿ ಮಕ್ಕಳು ಕೂಡಿಸಿದ್ದ ಇನ್ನೂರು ರೂಪಾಯಿ ಕಾಣೆಯಾಯಿತು. ತರಗತಿಯಲ್ಲಿ ತೀರಾ ಬಡವನಾದ ಒಬ್ಬ ಹುಡುಗನಿದ್ದ, ಅವನ ತಂದೆ ಕುಡುಕ. ಯಾವ ಆಧಾರವೂ ಇಲ್ಲದೆ ಎಲ್ಲರ ಮುಂದೆ ಅವನ ಜೇಬು ನೋಡಿದೆ. ಏನೂ ಸಿಗಲಿಲ್ಲ. ನಾಲ್ಕು ದಿನದ ನಂತರ ಆ ಹಣ ನನ್ನ ಹಾಜರಿ ಪುಸ್ತಕದೊಳಗೇ ಸಿಕ್ಕಿತು. ಇಟ್ಟವನೂ ನಾನೇ, ಮರೆತವನೂ ನಾನೇ.

ಅವನನ್ನು ಕೋಣೆಗೆ ಕರೆದು ಕ್ಷಮೆ ಕೇಳಿದೆ, ಒಂದು ಚಾಕೊಲೇಟು ಕೊಟ್ಟೆ. ಅಷ್ಟಕ್ಕೆ ಮುಗಿಯಿತೆಂದು ತಿಳಿದೆ. ಆದರೆ ಅಂದಿನಿಂದ ಅವನು ತರಗತಿಯಲ್ಲಿ ಕೈ ಎತ್ತಲಿಲ್ಲ. ಉಪದೇಶ ಕಲಿಸುತ್ತಿದ್ದ ಹಿರಿಯ ತಾಯಿಯೊಬ್ಬರು ನನಗೆ ಹೇಳಿದರು: "ಸ್ವಾಮಿ, ಜೇಬು ನೋಡಿದ್ದು ಎಲ್ಲರ ಎದುರಿಗೆ, ಕ್ಷಮೆ ಕೇಳಿದ್ದು ಬಾಗಿಲು ಹಾಕಿಕೊಂಡು." ಆ ಮಾತು ಚುಚ್ಚಿತು. ಮುಂದಿನ ಭಾನುವಾರ ಅಷ್ಟೂ ಮಕ್ಕಳ ಎದುರು ನಿಂತು, ಇವನು ಕದ್ದಿಲ್ಲ, ನಾನು ತಪ್ಪು ಮಾಡಿದೆ ಎಂದೆ. ಅವನು ತಲೆ ಎತ್ತಿ ನೋಡಲಿಲ್ಲ. ತಪಸ್ಸುಕಾಲ ಬಂತು. ಒಂದು ಸಂಜೆ ನನ್ನ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದ: "ಸ್ವಾಮಿ, ಅಪ್ಪ ಅಮ್ಮನಿಗೆ ಹೊಡೆಯುತ್ತಿದ್ದಾರೆ, ಬರುತ್ತೀರಾ?" ಅಂದು ನಾನು ಓಡಿದೆ. ಎರಡು ನಿಮಿಷದಲ್ಲಿ ಕಳೆದುಕೊಂಡ ನಂಬಿಕೆ ಮರಳಿ ಬರಲು ತಿಂಗಳುಗಳು ಬೇಕಾದವು. ಆ ನಂಬಿಕೆ ಮರಳದಿದ್ದರೆ ಆ ಸಂಜೆ ಅವನು ಯಾರ ಬಳಿ ಹೋಗುತ್ತಿದ್ದನೋ!

ಮೂರನೆಯ ಪಾಠ: ಜೊತೆಗಿರಬೇಕು. 1884ರ ಮೇ ತಿಂಗಳಲ್ಲಿ ರೋಮಿನಿಂದ ಬೋಸ್ಕೊ ತಮ್ಮ ಸಂಸ್ಥೆಯವರಿಗೆ ಒಂದು ಪತ್ರ ಬರೆದರು. ಅದರಲ್ಲಿ ಅವರು ನೊಂದು ಹೇಳಿದ್ದು ಇಷ್ಟು: ಮೊದಲು ಗುರುಗಳು ಮಕ್ಕಳೊಡನೆ ಆಡುತ್ತಿದ್ದರು. ಈಗ ದೂರ ನಿಂತು ಕಾವಲು ಕಾಯುತ್ತಾರೆ. ಹಾಗಾಗಿ ನಡುವೆ ಗೋಡೆ ಎದ್ದಿದೆ. ಮಕ್ಕಳನ್ನು ಪ್ರೀತಿಸಿದರೆ ಸಾಲದು, ತಮ್ಮನ್ನು ಪ್ರೀತಿಸುತ್ತಾರೆಂದು ಮಕ್ಕಳಿಗೆ ತಿಳಿಯಬೇಕು. ಪೋಷಕರೇ, ಈ ಪತ್ರ ನಮಗೂ ಸಲ್ಲುತ್ತದೆ. ಫೀಸು ಕಟ್ಟುತ್ತೇವೆ, ಟ್ಯೂಷನ್‌ಗೆ ಹಾಕುತ್ತೇವೆ. ಮಗು ಮಾತಾಡಲು ಬಂದಾಗ ಮೊಬೈಲ್ ಕೆಳಗಿಡುತ್ತೇವೆಯೇ?

ಇಂದಿನ ಶುಭಸಂದೇಶದಲ್ಲಿ, ಯಾರು ದೊಡ್ಡವರೆಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಒಂದು ಮಗುವನ್ನು ಕರೆದು ನಡುವೆ ನಿಲ್ಲಿಸುತ್ತಾರೆ. ಗಮನಿಸಿ, ಮಗು ಕರೆದ ಕೂಡಲೇ ಬಂದಿತು. ಅವರ ಬಳಿ ಹೋಗಲು ಅದಕ್ಕೆ ಭಯವಿರಲಿಲ್ಲ.

ಶಿಕ್ಷಕರೇ, ನಿಮ್ಮ ಕಷ್ಟ ನಾನು ಬಲ್ಲೆ. ಒಂದು ಕೋಣೆಯಲ್ಲಿ ಅರವತ್ತು ಮಕ್ಕಳು, ಪರೀಕ್ಷೆಯ ಒತ್ತಡ, ಮುಗಿಯದ ಲೆಕ್ಕಪತ್ರ. ಎಲ್ಲರನ್ನೂ ಒಂದೇ ದಿನ ತಲುಪಲಾಗದು. ನಾಳೆ ಒಬ್ಬರನ್ನು ಆರಿಸಿಕೊಳ್ಳಿ, ಕೊನೆಯ ಬೆಂಚಿನಿಂದ. ಹೆಸರು ಹಿಡಿದು ಕರೆಯಿರಿ. ಕೊಟ್ಟ ಮಾತನ್ನು ಉಳಿಸಿಕೊಳ್ಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನಿ. ತಪ್ಪಿದಾಗ, ಎಲ್ಲರ ಮುಂದೆ ತಪ್ಪಿದ್ದನ್ನು ಎಲ್ಲರ ಮುಂದೆಯೇ ಒಪ್ಪಿಕೊಳ್ಳಿ. ಅದರಿಂದ ಗುರುವಿನ ಗೌರವ ಕುಂದುವುದಿಲ್ಲ.

ಸಂತ ಜಾನ್ ಬೋಸ್ಕೊರವರೇ, ನಮ್ಮ ಶಿಕ್ಷಕರಿಗಾಗಿ, ನಮ್ಮ ಮನೆಗಳಿಗಾಗಿ ಪ್ರಾರ್ಥಿಸಿರಿ. ಹೆದರಿದ ಮಗುವೊಂದು ನಮ್ಮ ಬಾಗಿಲಿಗೆ ಬಂದಾಗ, ಆ ಬಾಗಿಲು ತೆರೆದಿರಲಿ. ಆಮೆನ್.