ಎಸ್ಸೆಸ್ಸೆಲ್ಸಿ ಆದ ಮೇಲೆ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)

ಬೆಂಗಳೂರಿನಲ್ಲಿ 1987ರಲ್ಲಿ ದಿ ಪ್ರಾಮಿಸ್ ಫೌಂಡೇಶನ್ ಎಂಬ ದತ್ತಿ ಸಂಸ್ಥೆ ಆರಂಭವಾಯಿತು. ಮನಶ್ಶಾಸ್ತ್ರಜ್ಞ ಡಾ. ಗಿಡಿಯನ್ ಅರುಳ್ಮಣಿ ಅದನ್ನು ಮುನ್ನಡೆಸಿದರು. ಓದಿನ ನಂತರ ಮುಂದೇನು ಎಂಬ ಪ್ರಶ್ನೆಯನ್ನು ಸಂಸ್ಥೆ ಕೈಗೆತ್ತಿಕೊಂಡಿತು. ಬಡಮಕ್ಕಳ ನಡುವೆ ಕೆಲಸ ಮಾಡಿದಾಗ ಒಂದು ಮಾತು ಸ್ಪಷ್ಟವಾಯಿತು: ಕೋರ್ಸುಗಳ ಪಟ್ಟಿ ಕೊಟ್ಟರೆ ಸಾಲದು. ‘ಇದೆಲ್ಲ ನಮ್ಮಂಥೋರಿಗಲ್ಲ’ ಎಂಬ ನಂಬಿಕೆ ಮನೆಯಲ್ಲಿದ್ದರೆ, ಅಂಕ ಬಂದರೂ ಮಗು ಹಿಂಜರಿಯುತ್ತದೆ. ಆ ನಂಬಿಕೆಯ ಬಗ್ಗೆಯೂ ಮಾತಾಡಬೇಕು. ಈ ಅನುಭವ 2004ರಲ್ಲಿ ಕೈಪಿಡಿಯಾಗಿ ಹೊರಬಂತು. ಮುಂದೆ ‘ಜೀವ’ ಕಾರ್ಯಕ್ರಮದಲ್ಲಿ ಶಿಕ್ಷಕರಿಗೂ ತರಬೇತಿ ಸಿಕ್ಕಿತು.

ನಂಜನಗೂಡು, ತಿ.ನರಸೀಪುರದ ನಮಗೆ ಇದು ದೂರದ ಮಾತಲ್ಲ. ನಂಜನಗೂಡಿನ ಕಾರ್ಖಾನೆ ಗೇಟಿನೊಳಗೆ ದಿನಗೂಲಿಯವರೂ ಹೋಗುತ್ತಾರೆ, ಐಟಿಐ, ಡಿಪ್ಲೊಮಾ ಓದಿದವರೂ ಹೋಗುತ್ತಾರೆ. ಗೇಟು ಒಂದೇ, ಬದುಕು ಬೇರೆ. ಡಿಪ್ಲೊಮಾ ಮೂರು ವರ್ಷ. ಮುಗಿಸಿದವರು ಡಿಸಿಇಟಿ ಬರೆದು ಬಿ.ಇ. ಎರಡನೆಯ ವರ್ಷಕ್ಕೇ ಸೇರಬಹುದು. ಇದು ಎಷ್ಟು ಮನೆಗಳಿಗೆ ಗೊತ್ತು?

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೆ. ಪ್ರತಿವರ್ಷ ಪರೀಕ್ಷೆಗೆ ಮುಂಚೆ ಒಂದು ಶನಿವಾರ ಶಾಲೆಗೆ ಬನ್ನಿ. ಇಂಜಿನಿಯರ್ ಮಾತ್ರವಲ್ಲ, ನರ್ಸ್, ಲೈನ್‌ಮನ್, ರೈತರೂ ಬನ್ನಿ. ಮಕ್ಕಳ ಜೊತೆ ತಂದೆತಾಯಿಯರನ್ನೂ ಕೂರಿಸಿಕೊಂಡು ಮಾತಾಡೋಣ. ಹೆಣ್ಣುಮಕ್ಕಳ ಮನೆಯವರನ್ನಂತೂ ತಪ್ಪದೆ ಕರೆಯೋಣ. ನನ್ನ ಶನಿವಾರ ಇಂದೇ ಬರೆದುಕೊಳ್ಳಿ.